ಬಾವುಟದ ಕಪಾಟಿನಲ್ಲೊಂದು ಕಡ್ಡಿಪೆಟ್ಟಿಗೆ

ಮನೆಗೆ ಬಂದವರಿಗೆ ನೀರು ಕೊಡುವುದಕ್ಕಿಂತ ಮೊದಲೇ ಕಪಾಟು ತೆರೆದು ತೋರಿಸುತ್ತೇನೆ ಎಂಬ ದೂರು ನನ್ನ ಮೇಲಿದೆ. ದೂರು ಹೇಳುವವರು ನಮ್ಮ ಯಜಮಾನರು. ಅದರಲ್ಲಿ ಸುಳ್ಳೇನೂ ಇಲ್ಲ. ಬೆಟಗೇರಿಯ ನಮ್ಮ ಓಣಿಯಲ್ಲಿ ಹೆಂಗಸರ ಕಪಾಟೆಂದರೆ ಸೀರೆ, ಕುಪ್ಪಸ, ಯಾರದೋ ಮದುವೆಯಲ್ಲಿ ಉಡಿ ತುಂಬಿದ ಖಣ. ನನ್ನ ಕಪಾಟಿನಲ್ಲಿ ಹಳೆಯ ಬಾವುಟಗಳು. ಚರಕದ ಚಿತ್ರವಿದ್ದವು ಮೂರು, ಚಕ್ರದವು ಹನ್ನೊಂದು, ಇಲಿ ಕಡಿದು ಚರಕವೋ ಚಕ್ರವೋ ತಿಳಿಯದಂತಾದದ್ದು ಒಂದು. ಜೊತೆಗೆ ಅಂಚಿನಲ್ಲಿ ಚರಕ ನೇಯ್ದ ಮುಂಡರಗಿಯ ಟವೆಲ್ಲು, ‘ಜೈ ಹಿಂದ್’ ಎಂದು ಕಸೂತಿ ಹಾಕಿದ ಲಕ್ಷ್ಮೇಶ್ವರದ ದಿಂಬಿನ ಚೀಲ, ದೇಶದ ನಕ್ಷೆ ಅಚ್ಚಾದ ಒಂದು ಸೆರಗು. ಸೆರಗು ಮಾತ್ರ, ಸೀರೆ ಇಲ್ಲ. ನುಸಿ ಹತ್ತದಿರಲೆಂದು ಎಲ್ಲದರ ನಡುವೆ ಬಜೆಬೇರು, ಒಣಗಿದ ಬೇವಿನೆಲೆ.

ಇಷ್ಟೆಲ್ಲ ನೋಡಿದವರು ಕಡೆಗೆ ಕೇಳುವುದು ಬಾವುಟಗಳ ಬಗ್ಗೆ ಅಲ್ಲ. ಮೇಲಿನ ಅರೆಯಲ್ಲಿ, ತೊಳೆದು ಮಡಚಿದ ಬಿಳಿ ಅರಿವೆಯ ಮೇಲೆ, ಅರ್ಧ ಖಾಲಿಯಾದ ಒಂದು ಕಡ್ಡಿಪೆಟ್ಟಿಗೆ ಇದೆಯಲ್ಲ, ಅದರ ಬಗ್ಗೆ. ‘ಕರೆಂಟು ಹೋದರೆ ಇರಲಿ ಅಂತ’ ಎಂದು ಹೇಳಿ ಬಾಗಿಲು ಮುಚ್ಚುತ್ತೇನೆ. ನಿಮ್ಮ ಮುಂದೆ ಮುಚ್ಚಿಡುವುದೇನು?

ನಾನು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಟೀಚರಾಗಿದ್ದವಳು. ಹೊಲಿಗೆ ಟೀಚರಿಗೆ ಶಾಲೆಯಲ್ಲಿ ಎರಡೇ ದಿನ ಮರ್ಯಾದೆ, ಆಗಸ್ಟ್ ಹದಿನೈದು ಮತ್ತು ಜನವರಿ ಇಪ್ಪತ್ತಾರು. ಬಾವುಟ ಇಸ್ತ್ರಿ ಮಾಡುವುದು, ಹೂವಿಟ್ಟು ಮಡಚುವುದು, ಎಳೆದರೆ ಬಿಚ್ಚಿಕೊಳ್ಳುವಂಥ ಗಂಟು ಹಾಕುವುದು ನನ್ನ ಕೆಲಸ. ನೌಕರಿಗೆ ಸೇರಿದ ಮೊದಲ ವರ್ಷ ಆ ಗಂಟನ್ನು ಎಷ್ಟು ಅಚ್ಚುಕಟ್ಟಾಗಿ ಹಾಕಿದ್ದೆನೆಂದರೆ, ಮುಖ್ಯ ಅತಿಥಿಗಳು ಎಳೆದರೂ ಬಿಚ್ಚಲಿಲ್ಲ, ಹೆಡ್‌ಮಾಸ್ತರು ಎಳೆದರೂ ಬಿಚ್ಚಲಿಲ್ಲ. ಇಡೀ ಶಾಲೆ ಹಣೆಗೆ ಕೈ ಹಚ್ಚಿ ನಿಂತೇ ನಿಂತಿತು. ಸಣ್ಣ ಹುಡುಗಿಯರು ಎಡಗೈಯಿಂದ ಬಲಮೊಣಕೈಗೆ ಆಸರೆ ಕೊಟ್ಟುಕೊಂಡರು. ಕೊನೆಗೆ ಜವಾನ ಕಂಬ ಹತ್ತಿ ಬಿಚ್ಚಿದ. ಹೂವೆಲ್ಲ ಬಿದ್ದದ್ದು ಅವನ ತಲೆಯ ಮೇಲೆ. ಆ ಅವಮಾನದ ಮೇಲೆ ನಾನು ಬಾವುಟದ ನಿಯಮಗಳನ್ನು ಬಾಯಿಪಾಠ ಮಾಡಿದೆ. ಯಾವ ಅಳತೆ, ಯಾವ ಅರಿವೆ, ಎಲ್ಲಿ ಏರಿಸಬೇಕು, ಎಲ್ಲಿ ಕೂಡದು. ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ.

ಹಳೆಯ ಬಾವುಟ ಕೂಡಿಸುವ ಹುಚ್ಚು ಹಿಡಿದದ್ದು ನಿವೃತ್ತಿಯ ಮೇಲೆ. ಊರೂರು ತಿರುಗುವಾಗ ಚೀಲದಲ್ಲಿ ಎರಡು ಸ್ಟೀಲ್ ಡಬರಿ ಇಟ್ಟುಕೊಂಡು ಹೋಗುತ್ತಿದ್ದೆ. ಹಳೆಯ ಅರಿವೆ ಪುಕ್ಕಟೆ ಕೇಳುವುದು ಸರಿಯಲ್ಲ ನೋಡಿ. ಹೀಗಾಗಿ ಶಿರಹಟ್ಟಿಯ ಅರ್ಧ ಜನ ನನ್ನನ್ನು ಹಳೆ ಅರಿವೆಗೆ ಪಾತ್ರೆ ಕೊಡುವವಳೆಂದೇ ತಿಳಿದಿದ್ದಾರೆ. ಒಬ್ಬಾಕೆ ಗಂಡನ ನಾಲ್ಕು ಪ್ಯಾಂಟು ತಂದು ಮುಂದೆ ಹಾಕಿ, ಮುಚ್ಚಳ ಇದ್ದ ಡಬರಿಯೇ ಬೇಕೆಂದು ಹಟ ಹಿಡಿದಿದ್ದಳು. ಡಂಬಳದಲ್ಲಿ ಒಂದು ಮನೆಯ ಮಾಳಿಗೆ ಹತ್ತಿ ನೋಡಿದರೆ, ಚರಕದ ಬಾವುಟವನ್ನು ಹಾಸಿ ಅದರ ಮೇಲೆ ಸಂಡಿಗೆ ಒಣಹಾಕಿದ್ದರು. ಎದೆ ಹಿಡಿದುಕೊಂಡು ಅಲ್ಲೇ ಕುಳಿತೆ. ಬಿಸಿಲಿಗೆ ತಲೆ ತಿರುಗಿತೆಂದು ಆ ಮನೆಯವರು ನನಗೆ ಮಜ್ಜಿಗೆ ಕೊಟ್ಟರು. ಆ ಬಾವುಟದ ಬಿಳಿ ಪಟ್ಟಿಯಲ್ಲಿ ಇವತ್ತಿಗೂ ಜೀರಿಗೆ ವಾಸನೆ ಇದೆ.

ನಮ್ಮ ಜೊತೆಗಿರುವ ಅವ್ವನಿಗೆ ಇದೆಲ್ಲ ನಗೆಪಾಟಲು. ಅವ್ವ ಇದೇ ಬೆಟಗೇರಿಯ ಮಗ್ಗದ ಮನೆಯಲ್ಲಿ ಹುಟ್ಟಿದವಳು. ಎಂಬತ್ತೈದು ದಾಟಿದೆ. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸೋಣವೆಂದರೆ ‘ನೋಡೂದು ಏನ್ ಉಳದೈತಿ’ ಎನ್ನುತ್ತಾಳೆ. ಆದರೆ ಬೆರಳು ಚುರುಕು. ಸೀರೆಯ ಅಂಚು ಮುಟ್ಟಿ ಕೈಮಗ್ಗದ್ದೋ ಮಿಲ್ಲಿನದೋ ಹೇಳುತ್ತಾಳೆ. ನಾನು ಹರಕು ಅರಿವೆಗೆ ಹೊಸ ಡಬರಿ ಕೊಟ್ಟು ಬಂದಾಗಲೆಲ್ಲ, ಶಾಲೆ ಕಲಿತವರ ಶಾಣ್ಯಾತನ ಇಷ್ಟೇ ಎಂದು ಯಜಮಾನರ ಮುಂದೆ ಆಡಿಕೊಳ್ಳುತ್ತಿದ್ದಳು. ಅವರಿಬ್ಬರೂ ಒಂದೇ ಪಾರ್ಟಿ.

ಕಳೆದ ವರ್ಷ ಶ್ರಾವಣದ ಒಂದು ಮಧ್ಯಾಹ್ನ, ಹೊಸದಾಗಿ ಸಿಕ್ಕ ಬಾವುಟವೊಂದನ್ನು ಜಮಖಾನದ ಮೇಲೆ ಹಾಸಿ ಧೂಳು ತೆಗೆಯುತ್ತಿದ್ದೆ. ಅವ್ವ ಪಕ್ಕಕ್ಕೆ ಬಂದು ಕುಳಿತು ಹಸಿರು ಪಟ್ಟಿಯ ಮೇಲೆ ಅಂಗೈ ಆಡಿಸಿದಳು. ಒಮ್ಮೆ ಈ ತುದಿಯಿಂದ ಆ ತುದಿಗೆ, ಒಮ್ಮೆ ಆ ತುದಿಯಿಂದ ಈ ತುದಿಗೆ. ಆಮೇಲೆ ಕೈ ತೆಗೆದು, “ಇದಲ್ಲ. ಇದ್ರಾಗ ನೀಲಿ ಎಳಿ ಇಲ್ಲ” ಎಂದಳು.

ಯಾವ ನೀಲಿ ಎಳೆ ಎಂದು ಕೇಳಿದ್ದಕ್ಕೆ ಅವ್ವ ಹೇಳಿದ್ದನ್ನು ಕೇಳಿ ನನ್ನ ಕೈಯ ಬ್ರಷ್ಷು ಕೆಳಗೆ ಬಿತ್ತು. ಸ್ವಾತಂತ್ರ್ಯ ಬಂದಾಗ ಅವ್ವ ಎಂಟೊಂಬತ್ತರ ಹುಡುಗಿ. ಬೆಳ್ಳಟ್ಟಿಯಿಂದ ಒಬ್ಬ ಒಕ್ಕಲಿಗ ಚಕ್ಕಡಿ ಹೂಡಿಕೊಂಡು ಬಂದು, ತಮ್ಮೂರಿಗೆ ಒಂದು ಬಾವುಟ ನೇಯ್ದು ಕೊಡಬೇಕೆಂದು ಅವ್ವನ ಅಪ್ಪನ ಮುಂದೆ ಕುಳಿತುಬಿಟ್ಟನಂತೆ. ಆ ಕಡೆಯ ಊರುಗಳು ಆಗ ಸಂಸ್ಥಾನಕ್ಕೆ ಸೇರಿದವು. ಬಾವುಟ ಏರಿಸಲು ಬಿಡುತ್ತಾರೋ ಇಲ್ಲವೋ ಎಂಬುದೇ ಖಾತ್ರಿ ಇರಲಿಲ್ಲ. ಅಜ್ಜ ಒಂದೇ ಹಾಸಿನಲ್ಲಿ ಮೂರೂ ಬಣ್ಣ ನೇಯಲು ಕುಳಿತ. ಅಜ್ಜಿ ನಡುವಿನ ಚಕ್ರವನ್ನು ದಾರದಲ್ಲಿ ಹೊಲಿಯಲೆಂದು ನೀಲಿ ನೂಲು ತೆಗೆದಿಟ್ಟಿದ್ದಳು. ಲಾಳಿಯೊಳಗೆ ಕೂಡಿಸುವ ಕಂಡಿಕೆಗೆ ನೂಲು ಸುತ್ತಿ ಕೊಡುವುದು ಅವ್ವನ ಕೆಲಸ. ಕುಣಿಮಗ್ಗದ ಮನೆ, ಹೊರಗೆ ಮೋಡ, ಹಗಲಿನಲ್ಲೂ ಒಳಗೆ ಮಬ್ಬು. ಹಸಿರು ನೂಲೆಂದು ತಿಳಿದು ಅವ್ವ ನೀಲಿ ನೂಲಿನ ಕಂಡಿಕೆ ಸುತ್ತಿ ಕೊಟ್ಟಳು. ಅಜ್ಜ ಕೈ ಮುಂದೆ ಮಾಡಿದ, ಲಾಳಿಗೆ ಹಾಕಿದ, ನೇಯ್ದ. ಹೊಲಿಗೆಯ ದಾರ ತುಸು ದಪ್ಪ. ಬೆರಳಿಗೆ ಹತ್ತಿದಾಗ ನೋಡಿದರೆ, ಹಸಿರಿನ ನಡುವೆ ಈ ದಡದಿಂದ ಆ ದಡಕ್ಕೆ ಬೆರಳಗಲದ ನೀಲಿ ಪಟ್ಟಿ.

ಬಿಚ್ಚಿ ನೇಯಲು ಹೊತ್ತಿರಲಿಲ್ಲ. ಕಟ್ಟೆಯ ಮೇಲೆ ಬೆಳ್ಳಟ್ಟಿಯವನು ಎತ್ತುಗಳಿಗೆ ನೀರು ಕುಡಿಸಿ ಹೊರಡಲು ಸಿದ್ಧನಾಗಿ ಕಾಯುತ್ತಿದ್ದ. ಅಜ್ಜ ಅಷ್ಟೇ ನೇಯ್ದು ಮುಗಿಸಿ, ಅರಿವೆ ಕೊಯ್ದ. ಅಜ್ಜಿ ಉಳಿದ ನೀಲಿಯಲ್ಲಿ ಲಗುಬಗೆಯಿಂದ ಚಕ್ರ ಹೊಲಿದಳು. ಅಜ್ಜ ಅದನ್ನು ಮಡಚಿ, ನೀಲಿ ಪಟ್ಟಿ ಒಳಗೆ ಬರುವ ಹಾಗೆ ಮಡಚಿ, ಕೊಟ್ಟು ಕಳಿಸಿದ. ಮಗಳಿಗೆ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದಳೇನೋ. ಮುಂದೆ ಎರಡು ವರ್ಷಕ್ಕೆ ಅಜ್ಜ ತೀರಿಕೊಂಡ.

“ಮಂದಿ ಅದನ್ನ ಏರಿಸಿದ್ರೋ, ಏನು ಹೊಲಸು ಮಾಡಿ ಕೊಟ್ಟಾನಂತ ನಮ್ಮಪ್ಪಗ ಬೈದು ಒಗದ್ರೋ,” ಅಂದಳು ಅವ್ವ. “ಅಷ್ಟ ಗೊತ್ತಾಗಬೇಕಿತ್ತ ನೋಡು ನನಗ.”

ನನಗೆ ಸಿಟ್ಟೇ ಬಂತು. ಇಷ್ಟು ವರ್ಷ ಊರೂರು ಅಲೆದು ಕಂಡವರ ಬಾವುಟ ಹೆಕ್ಕುತ್ತಿದ್ದೇನೆ, ಮನೆಯಲ್ಲೇ ಕುಳಿತವಳು ಒಂದು ಮಾತು ಹೇಳಲಿಲ್ಲವಲ್ಲ! ಕೇಳಿದರೆ, ‘ತಪ್ಪು ಮಾಡಿದ್ದನ್ನ ಯಾರರ ಡಂಗುರ ಹೊಡಸ್ತಾರೇನ’ ಎಂದು ತಿರುಗಿ ನನಗೇ ಗದರಿದಳು. ಅವತ್ತಿನಿಂದ ನನಗೆ ಬೇರೆ ಬಾವುಟ ಬೇಡವಾಯಿತು. ಹೊಲಿಗೆಯೇ ಇಲ್ಲದೆ ಒಂದೇ ಹಾಸಿನಲ್ಲಿ ನೇಯ್ದ ಬಾವುಟ, ಅದೂ ನನ್ನ ಅಜ್ಜ ನೇಯ್ದದ್ದು. ಹುಡುಕಿ ತಂದು ಅವ್ವನ ಅಂಗೈ ಕೆಳಗೆ ಹಾಸಬೇಕು. ಅವ್ವನಿಗೆ ಎಂಬತ್ತೈದು ದಾಟಿದೆ ಎಂಬುದು ಆಗಲೇ ಹೊಸದಾಗಿ ತಿಳಿದವಳಂತೆ ಅವಸರ ಮಾಡಿದೆ.

ಬೆಳ್ಳಟ್ಟಿಯ ಶಾಲೆಗೆ ಪರಿಚಯದವರಿಂದ ಹೇಳಿಸಿ ಈ ವರ್ಷದ ಆಗಸ್ಟ್ ಹದಿನೈದಕ್ಕೆ ನನ್ನನ್ನೇ ಭಾಷಣಕ್ಕೆ ಕರೆಯುವಂತೆ ಮಾಡಿಕೊಂಡೆ. ಊರಿನ ಹೆಣ್ಣುಮಕ್ಕಳೂ ಬಂದು ಕುಳಿತಿದ್ದರು. ಕೈಗೆ ಮೈಕು ಬಂದರೆ ನನಗೆ ಮೈಮೇಲೆ ಖಬರಿರುವುದಿಲ್ಲ. ಹರಿದ ಬಾವುಟ, ಮಾಸಿದ ಬಾವುಟ ಮನೆಯಲ್ಲಿ ಎಲ್ಲೆಂದರಲ್ಲಿ ಬಿದ್ದಿರಬಾರದು ಎಂದೆ. ಅದನ್ನು ಗೌರವದಿಂದ, ನಾಲ್ಕು ಜನರ ಕಣ್ಣಿಗೆ ಬೀಳದ ಕಡೆ ಬೆಂಕಿಗೆ ಒಪ್ಪಿಸಬೇಕು ಎಂದೆ. ಬಾವುಟದ ಮೇಲೆ ಒಂದಕ್ಷರ ಬರೆಯಕೂಡದು, ಒಂದೆಳೆ ಹೊಲಿಯಕೂಡದು ಎಂದೆ. ಡಂಬಳದ ಸಂಡಿಗೆಯ ಕಥೆ ಹೇಳಿ ನಗಿಸಿದೆ. ಇಷ್ಟೆಲ್ಲ ಪೀಠಿಕೆಯಾದ ಮೇಲೆ, ‘ನಿಮ್ಮಲ್ಲಿ ಯಾರ ಮನೆಯಲ್ಲಾದರೂ ತೀರ ಹಳೆಯ ಬಾವುಟ ಇದ್ದರೆ ದಯಮಾಡಿ ನನಗೆ ತಿಳಿಸಿ, ಸುಡಬೇಡಿ’ ಎಂಬ ಮುಖ್ಯ ಮಾತಿಗೆ ಬಂದೆ. ಅಷ್ಟರಲ್ಲಿ ಬೂಂದಿ ಲಾಡಿನ ಬುಟ್ಟಿ ಅಂಗಳಕ್ಕೆ ಬಂತು. ಮಕ್ಕಳು ಹೋ ಎಂದು ಎದ್ದವು, ಅವರ ಹಿಂದೆ ತಾಯಂದಿರೂ ಎದ್ದರು. ನನ್ನ ಮುಖ್ಯ ಮಾತನ್ನು ಪೂರ್ತಿ ಕೇಳಿಸಿಕೊಂಡವರು ಹೆಡ್‌ಮಾಸ್ತರೊಬ್ಬರೇ, ಅವರೂ ಗಡಿಯಾರ ನೋಡುತ್ತ.

ಹದಿನೈದು ದಿನದ ಮೇಲೆ ಒಂದು ಫೋನು ಬಂತು. ಬೆಳ್ಳಟ್ಟಿಯಿಂದ ಬಸಣ್ಣ ಎಂಬ ರೈತರು. ಅವರ ಮನೆಯಲ್ಲಿ ಅಜ್ಜನ ಕಾಲದ ಬಾವುಟವಿತ್ತಂತೆ. ಅವರಜ್ಜ ಅದನ್ನು ಬೆಟಗೇರಿಯಿಂದ ಚಕ್ಕಡಿಯಲ್ಲಿ ತಂದಿದ್ದನಂತೆ. ಸೋಮವಾರ ಊಟಕ್ಕೆ ಬರಲೇಬೇಕು, ಟೀಚರು ಇಲ್ಲದೆ ಕಾರ್ಯ ಕಳೆಗಟ್ಟುವುದಿಲ್ಲ ಎಂದು ಅವರವ್ವ ಗಂಗವ್ವ ಹೇಳಿದ್ದಾಳೆ ಎಂದರು. ಬಾವುಟ ‘ಇತ್ತು’ ಎಂದರು, ‘ಕಾರ್ಯ’ ಎಂದರು. ನನ್ನ ಕಿವಿಗೆ ಬಿದ್ದದ್ದು ಚಕ್ಕಡಿ ಒಂದೇ. ಹಳ್ಳಿಯವರು, ಬಾವುಟ ಒಪ್ಪಿಸುವುದನ್ನೇ ಒಂದು ಸಮಾರಂಭ ಮಾಡುತ್ತಿದ್ದಾರೆಂದು ತಿಳಿದು ಉಬ್ಬಿಹೋದೆ. ಸುತ್ತಿ ತರಲು ಬಿಳಿ ಅರಿವೆ ತೊಳೆದು ಒಣಗಿಸಿದೆ. ಅತಿ ದೊಡ್ಡ ಡಬರಿ ತೆಗೆದುಕೊಂಡೆ, ಮುಚ್ಚಳ ಸಮೇತ. ಅವ್ವ ಅವತ್ತು ಬೆಳಿಗ್ಗೆಯೇ ಜಳಕ ಮಾಡಿ ಇಳಕಲ್ ಸೀರೆ ಉಟ್ಟು ಕುಳಿತಳು. ಕಾರು ಶಿರಹಟ್ಟಿ ದಾಟಿದ ಮೇಲೆ, ‘ಬೈದ್ರ ಬೈಸಿಕೊಂಡು ಬರೂದು’ ಎಂದಳು.

ಬೈಯುವುದೆಲ್ಲಿ ಬಂತು. ಗಂಗವ್ವ ಬಾಗಿಲಿಗೆ ಬಂದು ಕಾಲಿಗೆ ನೀರು ಕೊಟ್ಟು, ಕೈ ಹಿಡಿದು ಒಳಗೆ ಕರೆದೊಯ್ದಳು. ಎಪ್ಪತ್ತರ ಆಸುಪಾಸಿನ ಹೆಣ್ಣುಮಗಳು, ದೊಡ್ಡ ಕುಂಕುಮ, ಮೆತ್ತನೆ ಮಾತು. ಓಣಿಯ ನಾಲ್ಕು ಮನೆಯವರು ಆಗಲೇ ಪಂಕ್ತಿಗೆ ಕುಳಿತಿದ್ದರು. ಗೋಧಿ ಹುಗ್ಗಿ, ತುಪ್ಪ, ಬದನೆಕಾಯಿ ಪಲ್ಯ, ರೊಟ್ಟಿ, ಅನ್ನ, ಸಾರು. ನಾನು ಹುಗ್ಗಿ ಎರಡು ಸಲ ಹಾಕಿಸಿಕೊಂಡೆ. ತುಪ್ಪ ಬೇಡವೆನ್ನಲಿಲ್ಲ. ಚೆನ್ನಾಗಿದೆ ಎಂದು ಬಾಯ್ತುಂಬ ಹೊಗಳಿದೆ. ಎಲ್ಲ ಆಗಿ ಕೈ ತೊಳೆಯಲು ಏಳುವಾಗ, ಇನ್ನು ತೋರಿಸ್ರಲ್ಲ ಬಾವುಟ ಎಂದೆ.

ಗಂಗವ್ವ ನನ್ನ ಮುಖ ನೋಡಿದಳು. “ಏನ್ ತೋರಿಸೂದ್ರಿ ಟೀಚರ್? ನೀವು ಹೇಳಿದಂಗ ಮಾಡೀವಲ್ಲರಿ. ಶನಿವಾರ ಮುಂಜಾನೆ ಹಿತ್ತಲದಾಗ ಬೆಂಕಿ ಕೊಟ್ಟಿವಿ. ಇವತ್ತಿಗೆ ಮೂರು ದಿನ. ಮುಂಜಾನೆ ಹಾಲು-ತುಪ್ಪ ಬಿಟ್ಟು ಬಂದು ನಿಮಗ ಊಟಕ್ಕ ಎಡಿ ಮಾಡೀವಿ.”

ಎಲೆಯ ಮುಂದೆ ಅರ್ಧ ಎದ್ದವಳು ಅರ್ಧಕ್ಕೇ ನಿಂತೆ. ಬಾಯಲ್ಲಿ ಇನ್ನೂ ಹುಗ್ಗಿಯ ಸಿಹಿ ಇತ್ತು. ನನ್ನ ಅಜ್ಜ ನೇಯ್ದ ಬಾವುಟದ ಮೂರನೇ ದಿನದ ಊಟವನ್ನು ನಾನು ಕೇಳಿ ಕೇಳಿ ಹಾಕಿಸಿಕೊಂಡು ಉಂಡಿದ್ದೆ.

ಗಂಗವ್ವ ಪಾಪ, ಶಭಾಷ್ ಎನ್ನಿಸಿಕೊಳ್ಳುವ ಆಸೆಯಿಂದ ಎಲ್ಲವನ್ನೂ ಸವಿಸ್ತಾರ ಹೇಳುತ್ತಿದ್ದಳು. ಟ್ರಂಕಿನಲ್ಲಿ ಮಾವ, ಅಂದರೆ ಬಸಣ್ಣನ ಅಜ್ಜ, ಜೋಪಾನ ಮಾಡಿಟ್ಟದ್ದು ಹರಿದು ಜಾಳಿಗೆಯಾಗಿತ್ತು. ಅದನ್ನು ಹಾಗೇ ಇಟ್ಟುಕೊಂಡದ್ದು ಇಷ್ಟು ದೊಡ್ಡ ತಪ್ಪು ಎಂದು ತಮಗೆ ಗೊತ್ತೇ ಇರಲಿಲ್ಲ. ತಮ್ಮ ಮನೆತನದಲ್ಲಿ ಹಿರಿಯರನ್ನು ಹೂಳುವುದು ಪದ್ಧತಿ, ಹೂಳೋಣವೇ ಎಂದು ಮನೆಯಲ್ಲಿ ಎರಡು ದಿನ ಮಾತಾಯಿತು. ಟೀಚರು ಬೆಂಕಿ ಎಂದಿದ್ದಾರೆ, ಬೆಂಕಿಯೇ ಆಗಲಿ ಎಂದು ಬಸಣ್ಣ ತೀರ್ಮಾನ ಮಾಡಿದ. ಎಲ್ಲರೂ ಜಳಕ ಮಾಡಿ, ಕಾಯಿ ಒಡೆದು, ತುಪ್ಪ ಹಾಕಿ ಹಚ್ಚಿದರು. ಯಾರಿಗೂ ಹೇಳಲಿಲ್ಲ, ನಾಲ್ಕು ಜನರ ಕಣ್ಣಿಗೆ ಬೀಳಬಾರದೆಂದು ನಾನೇ ಹೇಳಿದ್ದೆನಲ್ಲ. ನನ್ನ ನಲವತ್ತು ನಿಮಿಷದ ಭಾಷಣದಲ್ಲಿ ಒಂದು ಶಬ್ದ ಆಚೀಚೆ ಮಾಡದೆ ನಡೆದುಕೊಂಡವರು ಜಗತ್ತಿನಲ್ಲಿ ಇವರೊಬ್ಬರೇ. ನನ್ನ ನಾಲಿಗೆಯನ್ನು ಕಿತ್ತು ಅದೇ ಬೆಂಕಿಗೆ ಹಾಕಬೇಕೆನ್ನಿಸಿತು.

ಅವ್ವನ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ಅವಳು ಮಾತ್ರ ಇದ್ದಲ್ಲೇ ಕುಳಿತು, ಗಂಗವ್ವನ ದನಿ ಬಂದ ಕಡೆ ಮುಖ ತಿರುಗಿಸಿ, ಅದರ ಹಸಿರಿನಲ್ಲಿ ಒಂದು ನೀಲಿ ಗೆರೆ ಇತ್ತೇ ಎಂದು ಕೇಳಿದಳು.

“ಇತ್ತ್ರಿ ಯವ್ವಾ. ನಿಮಗ ಹ್ಯಾಂಗ ಗೊತ್ತು?”

“ಏರಿಸಿದ್ರೇನು ಅದನ್ನ?” ಎಂದಳು ಅವ್ವ.

ಏರಿಸದೆ ಏನು, ಎಂದಳು ಗಂಗವ್ವ. ಆ ದಿನ ಚಾವಡಿಯ ಮುಂದಿನ ಬೇವಿನ ಮರಕ್ಕೆ ಗಳ ಕಟ್ಟಿ ಅವಳ ಮಾವನೇ ಏರಿಸಿದ್ದ. ಆಮೇಲೂ ಅರಿವೆ ತಡೆಯುವವರೆಗೆ ಪ್ರತಿವರ್ಷ ಏರಿಸಿದ್ದ. ಇದೇನು ಗೆರೆ ಎಂದು ಊರವರು ಕೇಳಿದ್ದರು. ಮಾವನ ಉತ್ತರ ಅವಳಿಗೆ ಬಾಯಿಪಾಠವಾಗಿತ್ತು. “ನಮ್ಮದು ಮಳಿ ನಂಬಿದ ಊರಂತ ಆ ನೇಕಾರಗ ಗೊತ್ತಿತ್ತು. ಹಸರ ಹೊಲದಾಗ ಒಂದು ಹಳ್ಳ ನೇದು ಕೊಟ್ಟಾನ, ಅಂತಿದ್ರಿ ನಮ್ಮ ಮಾವ.” ಮುಂದೆ ಆ ಬಾವುಟ ಸವೆದು ಅಂಗಡಿಯಿಂದ ಹೊಸದು ತಂದಾಗ, ಇದರಲ್ಲಿ ಹಳ್ಳವೇ ಇಲ್ಲವಲ್ಲ ಎಂದು ಅವನು ಸಿಟ್ಟಾದನಂತೆ. ಹೆಂಡತಿಯನ್ನು ಕೂಡಿಸಿ ಹಸಿರಿನಲ್ಲಿ ನೀಲಿ ದಾರದ ಒಂದು ಸಾಲು ಹೊಲಿಸಿದ. ಅಲ್ಲಿಂದ ಇವತ್ತಿನವರೆಗೆ ಆ ಮನೆಗೆ ಯಾವ ಹೊಸ ಬಾವುಟ ಬಂದರೂ, ಏರಿಸುವ ಮೊದಲು ಮನೆಯ ಹೆಣ್ಣುಮಗಳು ಅದರಲ್ಲಿ ಹಳ್ಳ ಹೊಲಿಯಬೇಕು. ಅತ್ತೆ ಹೊಲಿದಳು, ಸೊಸೆಯಾಗಿ ಬಂದ ವರ್ಷದಿಂದ ಗಂಗವ್ವ ಹೊಲಿಯುತ್ತಿದ್ದಾಳೆ.

ಅವಳು ಒಳಗೆ ಹೋಗಿ ಈ ವರ್ಷದ ಬಾವುಟ ತಂದು ಅವ್ವನ ಮಡಿಲಲ್ಲಿ ಇಟ್ಟಳು. ಅವ್ವ ಹಸಿರು ಪಟ್ಟಿ ಹುಡುಕಿ ಅಂಗೈ ಹಚ್ಚಿದಳು. ನಡುವೆ ಬಂದಾಗ ಬೆರಳು ನಿಂತವು. ಅಲ್ಲಿಂದ ಅವು ಆ ಸಾಲಿನ ಗುಂಟ ನಿಧಾನ ಹೋದವು. ಅವ್ವನ ಕಣ್ಣಿಂದ ನೀರು ಇಳಿದು ಇಳಕಲ್ ಸೀರೆಯ ಮೇಲೆ ಬಿತ್ತು. ಸೆರಗಿಗೆ ಕೈ ಹೋಗಲಿಲ್ಲ, ಎರಡೂ ಕೈ ಬಾವುಟದ ಮೇಲಿದ್ದವು.

ಆಗ ಗಂಗವ್ವ ನನ್ನ ಕಡೆ ತಿರುಗಿದಳು. ಅವಳು ನನ್ನನ್ನು ಊಟಕ್ಕೆ ಕರೆಸಿದ್ದು ಬರೀ ಊಟಕ್ಕಲ್ಲ ಎಂಬುದು ನನಗೆ ತಿಳಿದದ್ದು ಆಗಲೇ. ಅವಳ ಕೈಯಲ್ಲಿ ಶನಿವಾರ ಹಿತ್ತಲಿಗೆ ಒಯ್ದಿದ್ದ ಕಡ್ಡಿಪೆಟ್ಟಿಗೆ ಇತ್ತು.

“ಬಾವುಟದ ಮ್ಯಾಲೆ ಒಂದೆಳಿ ಹೊಲೀಬಾರ್ದು ಅಂದ್ರಿ ನೀವು ಅವತ್ತ. ಅವತ್ತಿಂದ ನನ್ನ ಜೀವಕ್ಕ ಸಮಾಧಾನ ಇಲ್ಲರಿ. ಇದನ್ನೂ ಸುಡಬೇಕೇನ್ರಿ ಟೀಚರ್?”

ಪಂಕ್ತಿಯಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ನಿಯಮ ನನಗೆ ಚೆನ್ನಾಗಿ ಗೊತ್ತಿತ್ತು, ಕಣ್ಣು ಮುಚ್ಚಿ ಹೇಳಬಲ್ಲೆ. ಕಣ್ಣು ತೆರೆದರೆ ಎದುರಿಗೆ ಅವ್ವ ಇದ್ದಳು. ನಾನು ಗಂಗವ್ವನ ಕೈಯಿಂದ ಕಡ್ಡಿಪೆಟ್ಟಿಗೆ ಇಸಿದುಕೊಂಡೆ. ನಾನೇ ಹಚ್ಚುತ್ತೇನೆಂದು ತಿಳಿದು ಅವಳ ಮುಖ ಬಿಳಿಚಿತು. ಅದನ್ನು ಬಾವುಟಕ್ಕೆಂದು ತಂದಿದ್ದ ಬಿಳಿ ಅರಿವೆಯಲ್ಲಿ ಸುತ್ತಿ, ನನ್ನ ಚೀಲದೊಳಗೆ ಹಾಕಿ, ಜಿಪ್ಪು ಎಳೆದುಬಿಟ್ಟೆ. ಜೀವಮಾನದಲ್ಲಿ ಮೊದಲ ಸಲ ನನ್ನ ಭಾಷಣ ಅಷ್ಟು ಚಿಕ್ಕದಾಗಿತ್ತು.

“ಇಲ್ಲೆ ತುದೀಗೆ ಒಂದು ಹೊಲಿಗಿ ಬಿಚ್ಚೈತಿ,” ಅಂದಳು ಅವ್ವ, ಬೆರಳು ಎತ್ತದೆ. “ಸೂಜಿ ದಾರ ತರ್ರಿ.”

ಗಂಗವ್ವ ದಾರದ ಡಬ್ಬಿ ತಂದಳು. ನಾನು ಸೂಜಿ ಪೋಣಿಸಲು ಹೋದೆ. ಇಷ್ಟು ವರ್ಷ ಹೊಲಿಗೆ ಕಲಿಸಿದವಳಿಗೆ ಮೂರು ಸಲ ತಪ್ಪಿತು. ನಾಲ್ಕನೆಯ ಸಲಕ್ಕೆ ಪೋಣಿಸಿ ಕೊಟ್ಟಾಗ ಅವ್ವ ತಕ್ಷಣ ಹೊಲಿಯಲಿಲ್ಲ. ದಾರವನ್ನು ಕಣ್ಣಿನ ಸಮೀಪ ಹಿಡಿದಳು, ಬೆಳಕಿನ ಕಡೆ ತಿರುಗಿಸಿದಳು, ಬೆರಳಲ್ಲಿ ತಿಕ್ಕಿದಳು.

“ನೀಲಿನ ಹೌದಿಲ್ಲೋ?” ಎಂದು ಕೇಳಿದಳು. ಹೌದೆಂದೆ. ನಂಬದೆ ಗಂಗವ್ವನನ್ನೂ ಕೇಳಿದಳು.